ಮೀಟರ್ ಬದಲಾದ ಮೇಲೆ ಬಿಲ್ ಏರಿತಾ? ಗುಣಿಸುವ ಸಂಖ್ಯೆಯನ್ನು ಮೊದಲು ನೋಡಿ

ಸಣ್ಣ ವರ್ಕ್‌ಶಾಪ್, ಪ್ರೆಸ್, ಗಿರಣಿ, ಯಾವುದೇ ಮೋಟಾರ್ ಓಡಿಸುವ ಉದ್ಯೋಗ ನಡೆಸುವವರು ಇದನ್ನು ದಯವಿಟ್ಟು ಪೂರ್ತಿ ಓದಿ. ನಿಮ್ಮ ಕರೆಂಟ್ ಮೀಟರನ್ನು ಇತ್ತೀಚೆಗೆ ಬದಲಾಯಿಸಿದ್ದಾರೆಯೇ? ಅದಾದ ಮೇಲೆ ಬಿಲ್ ಏಕಾಏಕಿ ಏರಿದೆಯೇ? ಹಾಗಿದ್ದರೆ ಮೀಟರ್ ಕೆಟ್ಟಿದೆ ಎಂದು ದೂರು ಕೊಡುವ ಮೊದಲು ಇನ್ನೊಂದು ವಿಷಯ ಪರೀಕ್ಷಿಸಬೇಕು: ಬಿಲ್ ಮಾಡುವಾಗ ಮೀಟರ್ ರೀಡಿಂಗ್‌ಅನ್ನು ಯಾವ ಸಂಖ್ಯೆಯಿಂದ ಗುಣಿಸಿದ್ದಾರೆ ಅನ್ನುವುದು. ನಮ್ಮ ಪ್ರಕರಣದಲ್ಲಿ ಮೀಟರ್ ಸರಿಯಾಗಿಯೇ ಇತ್ತು. ಅದೇ ಕಾರಣಕ್ಕೆ ನಮ್ಮ ದೂರನ್ನು ತಿಂಗಳುಗಟ್ಟಲೆ ತಳ್ಳಿಹಾಕಿದರು.

ನಮ್ಮದು ಚಿಕ್ಕ ಮುದ್ರಣ ಘಟಕ. ಒಂದು ಆಫ್‌ಸೆಟ್ ಯಂತ್ರ, ಕಟಿಂಗ್ ಮಷಿನ್, ಕಂಪ್ರೆಸರ್, ಬೈಂಡಿಂಗ್‌ನ ಒಂದೆರಡು ಯಂತ್ರ, ಎಸಿ. ಎಲ್ಲ ಸೇರಿ 25 ಕಿಲೋವ್ಯಾಟ್ ಲೋಡ್. ತಿಂಗಳಿಗೆ ಸುಮಾರು 4,200 ಯೂನಿಟ್ ಬರುತ್ತಿತ್ತು. ಮೀಟರ್ ಬದಲಾದ ಮೇಲೆ ಬಂದ ಮೊದಲ ಪೂರ್ತಿ ತಿಂಗಳ ಬಿಲ್‌ನಲ್ಲಿ 8,400 ಯೂನಿಟ್ ಇತ್ತು. ಹೊಸ ಯಂತ್ರ ತಂದಿರಲಿಲ್ಲ. ಕೆಲಸವೂ ಜಾಸ್ತಿಯಾಗಿರಲಿಲ್ಲ. ಹಣವಂತೂ ಎರಡರಷ್ಟಕ್ಕಿಂತಲೂ ಜಾಸ್ತಿ ಕೇಳಿದ್ದರು. ಯಾಕೆ ಅನ್ನುವುದನ್ನು ಮುಂದೆ ಹೇಳುತ್ತೇನೆ.

ವಿದ್ಯುತ್ ಕಂಪನಿಯ ಕಚೇರಿಯಲ್ಲಿ ಮೊದಲ ಉತ್ತರ: "ಹಳೆ ಮೀಟರ್ ನಿಧಾನ ಓಡ್ತಿತ್ತು ಸಾರ್, ಹೊಸದು ಸರಿಯಾಗಿ ಓಡ್ತಿದೆ. ಇಷ್ಟು ದಿನ ನೀವು ಕಡಿಮೆ ಕಟ್ಟಿದ್ದೀರಿ." ಈ ಮಾತನ್ನು ನಿಮಗೂ ಹೇಳುತ್ತಾರೆ. ಕೇಳಿ ಸುಮ್ಮನಾಗಬೇಡಿ. ಹಳೆ ಮೀಟರ್ ಸ್ವಲ್ಪ ನಿಧಾನವಾಗಿರಬಹುದು ನಿಜ. ಆದರೆ ಸರಿಯಾಗಿ ಅರ್ಧದಷ್ಟೇ ತೋರಿಸುತ್ತಿತ್ತು ಅನ್ನುವುದಾದರೆ ಅದಕ್ಕೆ ಆಧಾರ ಕೇಳಬೇಕು. ಹಳೆ ಮೀಟರ್‌ನ ಪರೀಕ್ಷಾ ವರದಿ ಎಲ್ಲಿದೆ ಎಂದು ಕೇಳಿದಾಗ ನಮಗೆ ಉತ್ತರ ಸಿಗಲಿಲ್ಲ.

ಆಮೇಲೆ ಶುಲ್ಕ ಕಟ್ಟಿಸಿಕೊಂಡು ಮೀಟರ್ ಪರೀಕ್ಷೆ ಮಾಡಿದರು. ಫಲಿತಾಂಶ: ಮೀಟರ್ ಸರಿ ಇದೆ, ತಪ್ಪು ಮಿತಿಯೊಳಗಿದೆ. ಅಲ್ಲಿಗೆ ಫೈಲ್ ಮುಚ್ಚಿದರು. "ಪರೀಕ್ಷೆ ಆಯ್ತಲ್ಲ, ಇನ್ನು ಕಟ್ಟಿ" ಎಂದರು. ಮುಂದಿನ ತಿಂಗಳೂ ಅಷ್ಟೇ ಬಿಲ್. ಕಟ್ಟದಿದ್ದರೆ ಲೈನ್ ಕಡಿಯುವ ನೋಟಿಸ್ ಬೇರೆ. ಪ್ರೆಸ್‌ನಲ್ಲಿ ಕರೆಂಟ್ ಹೋದರೆ ಒಪ್ಪಿಕೊಂಡ ಕೆಲಸ ನಿಲ್ಲುತ್ತದೆ, ಗಿರಾಕಿ ಬೇರೆ ಕಡೆ ಹೋಗುತ್ತಾನೆ. ಸಣ್ಣವರು ಎಷ್ಟೋ ಜನ ಈ ಹೆದರಿಕೆಗೇ ಸಾಲ ಮಾಡಿ ಬಿಲ್ ಕಟ್ಟಿಬಿಡುತ್ತಾರೆ. ಅದು ನನಗೆ ಬಹಳ ಬೇಸರದ ಸಂಗತಿ.

ನಾವು ಆಗ ಒಂದು ಸರಳ ಲೆಕ್ಕ ಹಾಕಿದೆವು. ನೀವೂ ಹಾಕಿ. ನಿಮ್ಮ ಎಲ್ಲ ಯಂತ್ರಗಳ ಮೇಲೆ ಇರುವ ಪ್ಲೇಟ್ ನೋಡಿ ಕಿಲೋವ್ಯಾಟ್ ಕೂಡಿಸಿ. ಅಶ್ವಶಕ್ತಿಯಲ್ಲಿ ಬರೆದಿದ್ದರೆ 0.746ರಿಂದ ಗುಣಿಸಿ. ನಮ್ಮದು 25. ದಿನಕ್ಕೆ ಒಂಬತ್ತು ಗಂಟೆ, ತಿಂಗಳಿಗೆ 26 ದಿನ. ಎಲ್ಲ ಯಂತ್ರಗಳೂ ಒಂದು ನಿಮಿಷವೂ ನಿಲ್ಲದೆ ಪೂರ್ತಿ ಲೋಡ್‌ನಲ್ಲಿ ಓಡಿದವು ಅಂತಲೇ ಇಟ್ಟುಕೊಳ್ಳಿ. ಆಗಲೂ 25 × 9 × 26, ಅಂದರೆ 5,850 ಯೂನಿಟ್. ಮೋಟಾರ್ ಪ್ಲೇಟ್ ಮೇಲಿರುವುದು ಅದು ಹೊರಗೆ ಕೊಡುವ ಶಕ್ತಿ, ಎಳೆಯುವುದು ಸ್ವಲ್ಪ ಜಾಸ್ತಿ. ಆ ಸ್ವಲ್ಪವನ್ನೂ ಸೇರಿಸಿಕೊಳ್ಳಿ. ಆದರೂ 8,400 ಮುಟ್ಟುವುದಿಲ್ಲ. ಯಾವ ಪ್ರೆಸ್‌ನಲ್ಲೂ ಎಲ್ಲ ಯಂತ್ರಗಳು ಇಡೀ ದಿನ ಒಟ್ಟಿಗೆ ಓಡುವುದೂ ಇಲ್ಲ. ಈ ಒಂದು ಹಾಳೆ ಲೆಕ್ಕ ನಮ್ಮ ಕೈಗೆ ಬಲ ಕೊಟ್ಟಿತು. "ಬಿಲ್ ಜಾಸ್ತಿ ಬಂದಿದೆ" ಅನ್ನುವ ದೂರಿಗೂ "ಇಷ್ಟು ಯೂನಿಟ್ ಬಳಸುವುದು ಸಾಧ್ಯವೇ ಇಲ್ಲ, ಲೆಕ್ಕ ಇಲ್ಲಿದೆ" ಅನ್ನುವ ದೂರಿಗೂ ಬಹಳ ವ್ಯತ್ಯಾಸ ಇದೆ.

ಮುಂದಿನದು ಒಳಗಿನ ಸೋರಿಕೆ. ರಾತ್ರಿ ಕೆಲಸ ಮುಗಿದ ಮೇಲೆ ಮೀಟರ್ ಆದಮೇಲಿನ ಮೇನ್ ಸ್ವಿಚ್ ಇಳಿಸಿ, ಮೀಟರ್ ಮೇಲಿನ ಕೆಂಪು ದೀಪ ನೋಡಿದೆವು. ಮಿನುಗುವುದು ನಿಂತಿತು. ಮೇನ್ ಇಳಿಸಿದ ಮೇಲೂ ಅದು ಮಿನುಗುತ್ತಿದ್ದರೆ ಮೀಟರ್‌ನದೇ ದೋಷ ಇರಬಹುದು, ಅಥವಾ ಮೀಟರ್‌ಗೂ ಮೇನ್‌ಗೂ ನಡುವೆ ಬೇರೆ ಯಾರದೋ ತಂತಿ ಸೇರಿರಬಹುದು. ಆಮೇಲೆ ಮೇನ್ ಏರಿಸಿ, ಯಂತ್ರಗಳನ್ನೆಲ್ಲ ಆಫ್ ಮಾಡಿಯೇ ಇಟ್ಟು ಮತ್ತೆ ನೋಡಿದೆವು. ಆಗ ಬೇಗ ಬೇಗ ಮಿನುಗಿದರೆ ಕಟ್ಟಡದೊಳಗೆ ಎಲ್ಲೋ ಕರೆಂಟ್ ಹೋಗುತ್ತಿದೆ ಎಂದರ್ಥ. ಕಂಪ್ರೆಸರ್ ಇದ್ದವರು ಪೈಪಿನಲ್ಲಿ ಗಾಳಿ ಸೋರಿಕೆಯನ್ನೂ ನೋಡಿ. ಸ್ವಿಚ್ ಹಾಗೇ ಬಿಟ್ಟಿದ್ದರೆ, ಗಾಳಿ ಸೋರಿದಂತೆಲ್ಲ ರಾತ್ರಿಯಿಡೀ ಅದು ತಾನಾಗಿಯೇ ಸ್ಟಾರ್ಟ್ ಆಗುತ್ತಿರುತ್ತದೆ. ನಮ್ಮಲ್ಲಿ ಇದ್ಯಾವುದೂ ಇರಲಿಲ್ಲ.

ನಿಜವಾದ ತಪ್ಪನ್ನು ಹಿಡಿದದ್ದು ನಮ್ಮ ಎಲೆಕ್ಟ್ರಿಷಿಯನ್ ಹುಡುಗ. ಎಲ್ಲ ಯಂತ್ರ ಓಡುತ್ತಿದ್ದಾಗ ಅವನು ನಮ್ಮ ಕಡೆಯ ಮೇನ್ ಕೇಬಲ್‌ಗೆ ಕ್ಲಾಂಪ್ ಮೀಟರ್ ಹಾಕಿದ. ತಂತಿ ಬಿಚ್ಚದೆ, ಅದರ ಸುತ್ತ ಇಕ್ಕಳದಂತೆ ಹಿಡಿದು ಕರೆಂಟ್ ಅಳೆಯುವ ಉಪಕರಣ ಅದು. ಒಂದು ಫೇಸ್‌ನಲ್ಲಿ 30 ಆಂಪಿಯರ್ ತೋರಿಸಿತು. ಅದೇ ಹೊತ್ತಿಗೆ ಕಂಪನಿಯ ಮೀಟರ್‌ನ ಬಟನ್ ಒತ್ತಿ ಅದೇ ಫೇಸ್‌ನ ಆಂಪಿಯರ್ ನೋಡಿದ. ಅಲ್ಲಿ 3 ಇತ್ತು. "ಅಣ್ಣಾ, ಇದನ್ನ ಹತ್ತರಿಂದ ಗುಣಿಸ್ಬೇಕು. ಬಿಲ್‌ನಲ್ಲಿ ಎಷ್ಟರಿಂದ ಗುಣಿಸ್ತಿದ್ದಾರೆ ನೋಡಿ" ಅಂದ. ಬಿಲ್ ತೆಗೆದು ನೋಡಿದರೆ 20.

ಇದು ಗೊತ್ತಿಲ್ಲದವರಿಗಾಗಿ ಬಿಡಿಸಿ ಹೇಳುತ್ತೇನೆ. ಮನೆಗಳಲ್ಲಿ ಪೂರ್ತಿ ಕರೆಂಟ್ ಮೀಟರ್ ಮೂಲಕವೇ ಹಾದುಹೋಗುತ್ತದೆ. ಲೋಡ್ ಜಾಸ್ತಿ ಇರುವ ಕಡೆ ಹಾಗೆ ಮಾಡುವುದು ಕಷ್ಟ. ಅದಕ್ಕೆ ಕೇಬಲ್ ಸುತ್ತ ಸಿ.ಟಿ. ಎಂಬ ಬಳೆಯಂಥ ಕಾಯಿಲ್ ಹಾಕುತ್ತಾರೆ. ಅದು ಕರೆಂಟನ್ನು ಒಂದು ಗೊತ್ತಾದ ಪ್ರಮಾಣದಲ್ಲಿ ಇಳಿಸಿ ಮೀಟರ್‌ಗೆ ಕೊಡುತ್ತದೆ. ಸಿ.ಟಿ. ಮೇಲೆ 100/5 ಎಂದಿದ್ದರೆ, ಕೇಬಲ್‌ನಲ್ಲಿ 100 ಆಂಪಿಯರ್ ಹರಿದಾಗ ಮೀಟರ್‌ಗೆ 5 ಹೋಗುತ್ತದೆ. ಅಂದರೆ ಇಪ್ಪತ್ತರಲ್ಲಿ ಒಂದು ಪಾಲು. ಹಾಗಾಗಿ ಬಿಲ್ ಮಾಡುವಾಗ ಮೀಟರ್ ರೀಡಿಂಗ್‌ಅನ್ನು 20ರಿಂದ ಗುಣಿಸಬೇಕು. 50/5 ಇದ್ದರೆ 10ರಿಂದ. ಬಿಲ್‌ನಲ್ಲಿ ಇದನ್ನು ಸ್ಥಿರಾಂಕ, ಕಾನ್‌ಸ್ಟಂಟ್, ಎಂ.ಎಫ್. ಎಂದೆಲ್ಲ ಬರೆದಿರುತ್ತಾರೆ. ಒಂದು ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ಆದರೆ ಇಡೀ ಬಿಲ್ ನಿಂತಿರುವುದೇ ಅದರ ಮೇಲೆ.

ನಮ್ಮ ಹಳೆಯ ಪೆಟ್ಟಿಗೆಯಲ್ಲಿ 100/5 ಸಿ.ಟಿ. ಇತ್ತು. ತಿಂಗಳಿಗೆ ರೀಡಿಂಗ್ 210ರಷ್ಟು ಮುಂದೆ ಹೋಗುತ್ತಿತ್ತು, ಅದನ್ನು 20ರಿಂದ ಗುಣಿಸಿದರೆ 4,200. ಮೀಟರ್ ಬದಲಾಯಿಸಿದ ದಿನ ಪೆಟ್ಟಿಗೆಯನ್ನೂ ಪೂರ್ತಿ ಬದಲಾಯಿಸಿ 50/5 ಸಿ.ಟಿ. ಹಾಕಿದ್ದರು. ಈಗ ಅಷ್ಟೇ ಕರೆಂಟಿಗೆ ರೀಡಿಂಗ್ 420 ಓಡುತ್ತದೆ. ಅದನ್ನು 10ರಿಂದ ಗುಣಿಸಬೇಕಿತ್ತು. ಕಂಪ್ಯೂಟರ್‌ನಲ್ಲಿ ಹಳೆಯ 20 ಹಾಗೇ ಉಳಿದಿತ್ತು. ಬಂತು 8,400.

ಇಲ್ಲೇ ಎಲ್ಲರೂ ಸಿಕ್ಕಿಕೊಳ್ಳುವುದು. ಬಿಲ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಆ ಸಂಖ್ಯೆ ಬದಲಾಗಿಯೇ ಇಲ್ಲ. ಅಂದೂ 20, ಇಂದೂ 20. ಕಚೇರಿಯವರೂ ಅದನ್ನೇ ತೋರಿಸಿದರು: "ಕಾನ್‌ಸ್ಟಂಟ್ ಮೊದಲಿನಂತೆಯೇ ಇದೆಯಲ್ಲ!" ಬದಲಾಗದೆ ಉಳಿದದ್ದೇ ತಪ್ಪು. ಮೀಟರನ್ನು ಎಷ್ಟು ಸಲ ಪರೀಕ್ಷೆ ಮಾಡಿದರೂ ಈ ತಪ್ಪು ಸಿಗುವುದಿಲ್ಲ, ಯಾಕೆಂದರೆ ತಪ್ಪು ಇರುವುದು ಮೀಟರ್‌ನ ಹೊರಗೆ, ಗುಣಾಕಾರದಲ್ಲಿ. ಆದ್ದರಿಂದ ದೂರಿನಲ್ಲಿ "ಮೀಟರ್ ಪರೀಕ್ಷಿಸಿ" ಎಂದಷ್ಟೇ ಬರೆಯಬೇಡಿ. "ಸ್ಥಳದಲ್ಲಿರುವ ಸಿ.ಟಿ.ಯ ಅನುಪಾತವನ್ನೂ ಬಿಲ್‌ನಲ್ಲಿರುವ ಸ್ಥಿರಾಂಕವನ್ನೂ ನನ್ನ ಎದುರಿನಲ್ಲಿ ತಾಳೆ ನೋಡಿ ವರದಿ ಕೊಡಿ" ಎಂದು ಬರೆಯಿರಿ.

ಇದರ ಇನ್ನೊಂದು ರೂಪವೂ ಇದೆ. ಕೆಲವು ಡಿಜಿಟಲ್ ಮೀಟರ್‌ಗಳಿಗೆ ಸಿ.ಟಿ. ಅನುಪಾತವನ್ನು ಒಳಗೇ ತುಂಬಿಸಿರುತ್ತಾರೆ. ಆಗ ಮೀಟರ್ ತೋರಿಸುವುದೇ ಪೂರ್ತಿ ಲೆಕ್ಕ. ಹೊರಗೆ ಮತ್ತೆ ಗುಣಿಸಬಾರದು. ಗುಣಿಸಿದರೆ ಬಿಲ್ ಹತ್ತು ಪಟ್ಟು, ಇಪ್ಪತ್ತು ಪಟ್ಟು ಆಗುತ್ತದೆ. ಕ್ಲಾಂಪ್ ಮೀಟರ್ ಹೇಳುವ ಆಂಪಿಯರ್ ಮತ್ತು ಮೀಟರ್ ಹೇಳುವ ಆಂಪಿಯರ್ ಒಂದೇ ಇದ್ದರೆ ಗುಣಿಸುವ ಸಂಖ್ಯೆ 1 ಇರಬೇಕು. ಮೂರೂ ಫೇಸ್‌ಗಳಲ್ಲಿ ನೋಡಿ. ಎರಡನ್ನೂ ಒಂದೇ ಫೋಟೋದಲ್ಲಿ, ಆಗದಿದ್ದರೆ ಒಂದೇ ವಿಡಿಯೋದಲ್ಲಿ ಹಿಡಿಯಿರಿ. ಕ್ಲಾಂಪ್ ಹಾಕುವುದು ಗೊತ್ತಿರುವ ಎಲೆಕ್ಟ್ರಿಷಿಯನ್ನೇ ಮಾಡಬೇಕು, ನೀವು ಕೈ ಹಾಕಬೇಡಿ. ಕಂಪನಿಯ ಸೀಲ್ ಇರುವ ಪೆಟ್ಟಿಗೆಯನ್ನಂತೂ ಯಾವ ಕಾರಣಕ್ಕೂ ಮುಟ್ಟಬಾರದು. ಸೀಲ್ ಒಡೆದಿದ್ದರೆ ನಿಮ್ಮ ದೂರು ಪಕ್ಕಕ್ಕೆ ಹೋಗಿ, ಕರೆಂಟ್ ಕಳ್ಳತನದ ಆರೋಪ ನಿಮ್ಮ ಮೇಲೆ ಬರುತ್ತದೆ. ಸಿ.ಟಿ.ಯ ತಂತಿ ಬಿಚ್ಚಿದರೆ ಅಪಾಯಕಾರಿ ವೋಲ್ಟೇಜ್ ಏಳುತ್ತದೆ, ಜೀವಕ್ಕೇ ತೊಂದರೆ.

ಬಿಲ್ ಎರಡರಷ್ಟಕ್ಕಿಂತ ಜಾಸ್ತಿ ಯಾಕಾಯಿತು ಅನ್ನುವುದಕ್ಕೆ ಬರುತ್ತೇನೆ. ಈ ಸಂಖ್ಯೆ ಯೂನಿಟ್‌ಗೆ ಮಾತ್ರ ಅಂಟುವುದಿಲ್ಲ. ತಿಂಗಳ ಗರಿಷ್ಠ ಬೇಡಿಕೆಗೂ ಅಂಟುತ್ತದೆ. ಮ್ಯಾಕ್ಸಿಮಮ್ ಡಿಮಾಂಡ್ ಅಂತಾರಲ್ಲ, ಅದು. ಯಾವುದೋ 15 ಅಥವಾ 30 ನಿಮಿಷದಲ್ಲಿ ನೀವು ಎಳೆದ ಸರಾಸರಿ ಲೋಡ್, ಇಡೀ ತಿಂಗಳಲ್ಲಿ ಅತಿ ಹೆಚ್ಚಿನದು ಎಷ್ಟೋ ಅಷ್ಟು. ನಮ್ಮ ನಿಜವಾದ ಬೇಡಿಕೆ 22 ಕಿಲೋವ್ಯಾಟ್. ಬಿಲ್‌ನಲ್ಲಿ 44 ಬಂತು. ನಮಗೆ ಮಂಜೂರಾದದ್ದು 25. ಮಂಜೂರಾತಿ ಮೀರಿದ್ದೀರಿ ಎಂದು ದಂಡ ಹಾಕಿದರು. ನಂತರ ಬಳಕೆ ಜಾಸ್ತಿಯಾಗಿದೆ ಎಂದು ಹೆಚ್ಚುವರಿ ಠೇವಣಿಗೂ ನೋಟಿಸ್ ಬಂತು. ಒಂದು ತಪ್ಪು ಅಂಕಿ ಮೂರು ಕಡೆಯಿಂದ ಹಣ ಕೇಳಿತು. ಆದ್ದರಿಂದ ತಿದ್ದುಪಡಿ ಕೇಳುವಾಗ ಯೂನಿಟ್, ದಂಡ, ಠೇವಣಿ, ಇವುಗಳ ಮೇಲೆ ಹಾಕಿದ ತೆರಿಗೆ ಮತ್ತು ಬಡ್ಡಿ, ಎಲ್ಲವನ್ನೂ ಹೆಸರು ಹಿಡಿದು ಬರೆಯಿರಿ. ನಮಗೆ ಮೊದಲು ಯೂನಿಟ್ ಹಣ ಮಾತ್ರ ತಿದ್ದಿ, ದಂಡವನ್ನು ಹಾಗೇ ಬಿಟ್ಟಿದ್ದರು.

ಈ ನಡುವೆ ಒಬ್ಬ ಮನುಷ್ಯ ಬಂದ. ಕಚೇರಿಯ ಒಳಗಿನವರು ಗೊತ್ತು, ಇಷ್ಟು ಕೊಟ್ಟರೆ ಬಿಲ್ ಅರ್ಧ ಮಾಡಿಸುತ್ತೇನೆ ಅಂದ. ಇನ್ನೊಬ್ಬ ಪ್ಲಗ್‌ಗೆ ಹಾಕುವ ಪೆಟ್ಟಿಗೆ ಮಾರಲು ಬಂದ, ಅದನ್ನು ಹಾಕಿದರೆ ಯೂನಿಟ್ ಇಳಿಯುತ್ತದಂತೆ. ಇಬ್ಬರನ್ನೂ ಹತ್ತಿರ ಸೇರಿಸಬೇಡಿ. ಮೊದಲನೆಯವನಿಗೆ ದುಡ್ಡು ಕೊಟ್ಟರೆ ದಾಖಲೆ ತಿದ್ದಿಸಿದ ಅಪವಾದ ನಿಮ್ಮ ತಲೆಗೆ ಬರುತ್ತದೆ, ನ್ಯಾಯ ನಿಮ್ಮ ಕಡೆ ಇದ್ದರೂ. ಎರಡನೆಯವನ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಇರುವುದು ಒಂದು ಸಣ್ಣ ಕೆಪಾಸಿಟರ್. ಕಿಲೋವ್ಯಾಟ್ ಅವರ್, ಅಂದರೆ ಯೂನಿಟ್, ಅಳೆಯುವ ಮೀಟರ್‌ನಲ್ಲಿ ಅದರಿಂದ ಯೂನಿಟ್ ಇಳಿಯುವುದಿಲ್ಲ. ಮೋಟಾರ್‌ಗಳಿಗೆ ಸರಿಯಾದ ಅಳತೆಯ ಕೆಪಾಸಿಟರ್ ಬ್ಯಾಂಕ್ ಹಾಕುವುದು ಬೇರೆಯೇ ವಿಷಯ. ಪವರ್ ಫ್ಯಾಕ್ಟರ್ ಅಂದರೆ ಒಟ್ಟು ಎಳೆತದಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು. ಅದು ಕಡಿಮೆ ಎಂದು ದಂಡ ಬರುತ್ತಿದ್ದರೆ ಈ ಕೆಪಾಸಿಟರ್ ಬ್ಯಾಂಕ್ ನಿಜವಾಗಿಯೂ ಬೇಕು. 30 ಕಿಲೋವ್ಯಾಟ್ ಲೋಡ್ 0.7 ಪವರ್ ಫ್ಯಾಕ್ಟರ್‌ನಲ್ಲಿ ಸುಮಾರು 43 ಕೆ.ವಿ.ಎ. (ಒಟ್ಟು ಎಳೆತದ ಅಳತೆ) ಎಳೆಯುತ್ತದೆ, 0.95ರಲ್ಲಿ 32ಕ್ಕೆ ಇಳಿಯುತ್ತದೆ. ಹಳೆಯ ಕೆಪಾಸಿಟರ್ ಸತ್ತಿರುವುದು ಬಿಲ್ ಬಂದಾಗಲೇ ಗೊತ್ತಾಗುವುದು.

ಎಲ್ಲರ ಸಮಸ್ಯೆ ಸಿ.ಟಿ.ಯೇ ಆಗಿರಬೇಕಿಲ್ಲ. ರೀಡಿಂಗ್ ತೆಗೆಯದೆ ಕೆಲವು ತಿಂಗಳು ಅಂದಾಜಿನ ಬಿಲ್ ಕೊಟ್ಟು, ಆಮೇಲೆ ಬಾಕಿಯನ್ನೆಲ್ಲ ಒಂದೇ ತಿಂಗಳಿಗೆ ಸುರಿಯುವುದೂ ಇದೆ. ಬಳಕೆ ಏರಿದಂತೆ ದರ ಏರುವ ಪದ್ಧತಿ ಇದ್ದರೆ ಇದರಲ್ಲಿ ದೊಡ್ಡ ನಷ್ಟ. ಆ ಯೂನಿಟ್‌ಗಳನ್ನು ಆಯಾ ತಿಂಗಳಿಗೆ ಹಂಚಿ ಲೆಕ್ಕ ಹಾಕಿ ಎಂದು ಕೇಳಿ. ಬಿಲ್ ಎಷ್ಟು ದಿನಗಳಿಗೆ, ದರದ ವರ್ಗ ಬದಲಾಗಿದೆಯೇ, ಹಳೆ ಬಾಕಿ ಸೇರಿದೆಯೇ, ಇವನ್ನೂ ನೋಡಿ.

ಹಣ ಕಟ್ಟುವ ವಿಷಯದಲ್ಲಿ ಒಂದು ಮಾತು. ಸಿಟ್ಟಿನಲ್ಲಿ ಏನೂ ಕಟ್ಟದೆ ಕೂರಬೇಡಿ. ಹಾಗಂತ ಸುಮ್ನೆ ಪೂರ್ತಿ ಕಟ್ಟಿಯೂ ಬಿಡಬೇಡಿ. ಗಡುವು ಮುಗಿಯುವ ಮೊದಲೇ ಬರಹದಲ್ಲಿ ದೂರು ಕೊಟ್ಟು, ಹಿಂದಿನ ತಿಂಗಳುಗಳ ಸರಾಸರಿ ಮೊತ್ತ ಕಟ್ಟಲು ಅವಕಾಶ ಕೇಳಿ. ತೀರ್ಮಾನ ಆಗುವವರೆಗೆ ಲೈನ್ ಕಡಿಯಬಾರದು ಎಂದು ಅದೇ ಪತ್ರದಲ್ಲಿ ಬರೆಯಿರಿ. ಒಪ್ಪದಿದ್ದರೆ ಪೂರ್ತಿ ಕಟ್ಟುವಾಗ "ತಕರಾರು ಉಳಿಸಿಕೊಂಡು ಕಟ್ಟುತ್ತಿದ್ದೇನೆ" ಎಂದು ಬರೆದುಕೊಡಿ. ಪ್ರತಿ ಪತ್ರದ ನಕಲಿನ ಮೇಲೆ ಮೊಹರು, ದಿನಾಂಕ, ಸಹಿ ಹಾಕಿಸಿಕೊಳ್ಳಿ. ಕೌಂಟರ್‌ನಲ್ಲಿ ಬಾಯಿಮಾತಿಗೆ "ನೋಡ್ತೀವಿ ಬಿಡಿ" ಅಂದದ್ದು ಯಾವ ಲೆಕ್ಕಕ್ಕೂ ಬರುವುದಿಲ್ಲ. ಮೇಲಿನ ಅಧಿಕಾರಿಗೋ ಗ್ರಾಹಕರ ದೂರು ವೇದಿಕೆಗೋ ಹೋಗಬೇಕಾದರೆ ಮೊದಲು ಕೇಳುವುದೇ ಆ ಮೊಹರಿನ ಪ್ರತಿಯನ್ನು.

ನಮಗೆ ಕೊನೆಗೆ ಸ್ಥಳ ತನಿಖೆ ಮಾಡಿ ಸ್ಥಿರಾಂಕವನ್ನು 10ಕ್ಕೆ ಇಳಿಸಿದರು. ಜಾಸ್ತಿ ಕಟ್ಟಿದ ಹಣವನ್ನು ಕೈಗೆ ಕೊಡಲಿಲ್ಲ, ಮುಂದಿನ ಬಿಲ್‌ಗಳಲ್ಲಿ ವಜಾ ಮಾಡುತ್ತಿದ್ದಾರೆ. ದಂಡ ರದ್ದಾಗಿದೆ. ಠೇವಣಿ ನೋಟಿಸ್ ವಾಪಸ್ ಪಡೆದ ಆದೇಶ ಇನ್ನೂ ಬಂದಿಲ್ಲ, ಅದಕ್ಕೆ ಮತ್ತೆ ಬರೆದಿದ್ದೇವೆ.

ನನ್ನನ್ನು ಈಗಲೂ ಕಾಡುವುದು ಬೇರೆ. ಅವತ್ತು ನಮ್ಮ ಮೀಟರ್ ಬದಲಾಯಿಸಿದ ತಂಡವೇ ಸುತ್ತಮುತ್ತ ಇನ್ನೂ ಎಷ್ಟೋ ಪೆಟ್ಟಿಗೆಗಳನ್ನು ಬದಲಾಯಿಸಿತ್ತು. ಅವರಿಗೂ 50/5 ಹಾಕಿ ಹಳೆಯ ಸಂಖ್ಯೆಯನ್ನೇ ಉಳಿಸಿರಬಹುದು. ಪಕ್ಕದ ಎರಡು ಘಟಕಗಳಿಗೆ ನಾನೇ ಹೋಗಿ ಹೇಳಿದೆ, ಒಂದರಲ್ಲಿ ಇದೇ ತಪ್ಪು ಇತ್ತು. ಮೀಟರ್ ಬದಲಾಯಿಸಲು ಬಂದಾಗ ಹಳೆ ಮೀಟರ್‌ನ ಕೊನೆಯ ರೀಡಿಂಗ್, ಹೊಸದರ ಮೊದಲ ರೀಡಿಂಗ್, ಎರಡೂ ಸಿ.ಟಿ.ಗಳ ಮೇಲಿನ ಅನುಪಾತ, ಸೀಲ್ ನಂಬರ್, ಎಲ್ಲದರ ಫೋಟೋ ಅವರ ಎದುರೇ ತೆಗೆದಿಟ್ಟುಕೊಳ್ಳಿ. ಬದಲಾವಣೆಯ ವರದಿಯ ಒಂದು ಪ್ರತಿ ಕೇಳಿ ಪಡೆಯಿರಿ. ಈಗಾಗಲೇ ಬದಲಾಗಿದ್ದರೆ, ಇವತ್ತೇ ಬಿಲ್ ತೆಗೆದು ಆ ಸಂಖ್ಯೆ ಎಷ್ಟಿದೆ ನೋಡಿ, ನಾಳೆ ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಕ್ಲಾಂಪ್ ಹಾಕಿಸಿ.