ಬಿಟ್ಟ ಪದ ಹುಡುಕುವುದು ಹೇಗೆ: ಕಾರ್ಪಸ್ಸಾ, ಪ್ರಯೋಗವಾ?

ಮಾತಾಡುವಾಗ ನಾವು ಬಿಡುವುದೇ ಜಾಸ್ತಿ. ದರ್ಶಿನಿಯಲ್ಲಿ ‘ಎರಡು ಇಡ್ಲಿ, ಒಂದು ಬೈಟು ಕಾಫಿ’ ಅಂದರೆ ಸಾಕು, ‘ಕೊಡಿ’ ಯಾರಿಗೂ ಬೇಕಿಲ್ಲ. ಹೀಗೆ ಬಿಟ್ಟಿದ್ದನ್ನು ಅಭ್ಯಾಸ ಮಾಡಲು ಎರಡು ದಾರಿ ಇವೆ. ಜನ ಆಗಲೇ ಬರೆದಿಟ್ಟ ಮಾತಿನ ರಾಶಿಯಲ್ಲಿ, ಅಂದರೆ ಕಾರ್ಪಸ್‌ನಲ್ಲಿ, ಹುಡುಕುವುದು ಒಂದು. ವಾಕ್ಯ ಕಟ್ಟಿ ಜನರ ಮುಂದಿಟ್ಟು ಕೇಳುವುದು ಇನ್ನೊಂದು. ಒಂದೇ ಪ್ರಶ್ನೆ ಇಟ್ಟುಕೊಂಡು ಎರಡನ್ನೂ ಮಾಡಿ ನೋಡಿದೆ.

ಪ್ರಶ್ನೆ ಇದು. ‘ರವಿ ಯಾರಿಗೋ ದುಡ್ಡು ಕೊಟ್ಟಿದ್ದಾನೆ. ಯಾರಿಗೆ ಅಂತ ಗೊತ್ತಿಲ್ಲ.’ ಎರಡನೇ ವಾಕ್ಯದಲ್ಲಿ ‘ಕೊಟ್ಟಿದ್ದಾನೆ’ ಬಿಟ್ಟುಹೋಗಿದೆ. ಆದರೆ ‘ಯಾರು ಅಂತ ಗೊತ್ತಿಲ್ಲ’ ಅಂದರೂ ನಡೆಯುತ್ತೆ, ಅಲ್ವಾ? ಹಾಗಾದರೆ ಆ ‘-ಗೆ’ ಬೇಕೇ ಬೇಕಾ? ಅಮೆರಿಕದ ಭಾಷಾವಿಜ್ಞಾನಿ ಜಾನ್ ರಾಸ್ 1969ರಲ್ಲಿ ಇಂಥ ವಾಕ್ಯಗಳ ಬಗ್ಗೆ ಬರೆದಾಗ ಜರ್ಮನ್ ಉದಾಹರಣೆ ಕೊಟ್ಟಿದ್ದರು. ಅಲ್ಲಿ ‘ಹೊಗಳು’ ಒಂದು ವಿಭಕ್ತಿ ಕೇಳುತ್ತದೆ, ‘ಮುಖಸ್ತುತಿ ಮಾಡು’ ಇನ್ನೊಂದು. ಕ್ರಿಯಾಪದ ಬಿಟ್ಟರೂ ಉಳಿದ ‘ಯಾರು’ ಅದಕ್ಕೆ ತಕ್ಕ ವಿಭಕ್ತಿಯನ್ನೇ ಹೊತ್ತಿರಬೇಕು. ಕಾಣದ ಕ್ರಿಯಾಪದ ಅಲ್ಲೇ ಕೂತು ಕೆಲಸ ಮಾಡುತ್ತಿದೆ ಅನ್ನುವುದಕ್ಕೆ ಅದು ಸಾಕ್ಷಿ. ಕನ್ನಡದ ಬರೀ ‘ಯಾರು’ ಸರಿ ಅನ್ನುವುದಾದರೆ, ಅದು ಬಹುಶಃ ‘ಅವರು ಯಾರು’ ಅನ್ನುವ ಬೇರೆಯೇ ವಾಕ್ಯದ ತುಂಡು. ‘ಅವರು ಮೇಷ್ಟ್ರು’ ಅಂತ ಕ್ರಿಯಾಪದವೇ ಇಲ್ಲದೆ ಹೇಳುವ ಭಾಷೆ ನಮ್ಮದು, ಹಾಗಾಗಿ ಈ ಅನುಮಾನ ಸುಮ್ನೆ ಬಂದದ್ದಲ್ಲ.

ಮೊದಲು ಕಾರ್ಪಸ್. ಕನ್ನಡ ವಿಕಿಪೀಡಿಯ ಪೂರ್ತಿ ಡೌನ್‌ಲೋಡ್ ಮಾಡಬಹುದು, ಅದರಲ್ಲಿ ಪದ ಹುಡುಕುವ ಆಂಟ್‌ಕಾಂಕ್ ಅನ್ನುವ ತಂತ್ರಾಂಶವೂ ಉಚಿತ. ಖರ್ಚಿಲ್ಲ, ಯಾರ ಕೈಕಾಲೂ ಹಿಡಿಯಬೇಕಿಲ್ಲ. ಆದರೆ ಇಲ್ಲದ ಪದವನ್ನು ಹುಡುಕೋಕಾಗುತ್ತಾ? ಅದರ ಅಕ್ಕಪಕ್ಕ ಇರುವುದನ್ನು ಹುಡುಕಬೇಕು: ‘ಯಾರಿಗೆ ಅಂತ’, ‘ಯಾರಿಗೆ ಎಂದು’, ‘ಯಾರಿಗೆಂದು’, ‘ಯಾರಿಗಂತ’. ಸಂಧಿ ಮಾಡಿದ್ದು ಬೇರೆ, ಬಿಡಿಸಿ ಬರೆದದ್ದು ಬೇರೆ. ‘ಯಾರು ಎಂದು’ ಅಂತ ಹಾಕಿದರೆ ‘ನೀನು ಯಾರು ಎಂದು ಕೇಳಿದ’ ಥರದ್ದೇ ರಾಶಿ ಬೀಳುತ್ತದೆ. ಒಂದೊಂದನ್ನೂ ಓದಿ ಬೇರ್ಪಡಿಸುವುದು ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ. ಇಷ್ಟಾದರೂ ವಿಶ್ವಕೋಶದ ಕನ್ನಡದಲ್ಲಿ ಯಾರೂ ಹರಟೆ ಹೊಡೆಯುವುದಿಲ್ಲ, ನಮಗೆ ಬೇಕಾದದ್ದು ಸಿಗುವುದೇ ಅಪರೂಪ. ಇಂಗ್ಲಿಷಿನಲ್ಲಿ ಬಾಸ್ ಮತ್ತು ಸ್ಪೆನಾಡರ್ ಅನ್ನುವ ಸಂಶೋಧಕರು 2011ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಯ ಕಾರ್ಪಸ್ ಪೂರ್ತಿ ಗುರುತು ಹಾಕಿದಾಗ ಕ್ರಿಯಾಪದಗುಚ್ಛ (ಕ್ರಿಯಾಪದ ಮತ್ತು ಅದಕ್ಕೆ ಅಂಟಿಕೊಂಡ ಪದಗಳು) ಬಿಟ್ಟ ಕಡೆಗಳು ಸಿಕ್ಕಿದ್ದು 487. ಅಷ್ಟು ದೊಡ್ಡ ರಾಶಿಗೇ ಇಷ್ಟು.

ಆದರೂ ಕಾರ್ಪಸ್ ಕೇಳದೇ ಇದ್ದದ್ದನ್ನೂ ತೋರಿಸುತ್ತದೆ. ‘ಬಂದಳು’ ಅಂದರೆ ಯಾರು ಅನ್ನುವ ಸುಳಿವು ಕ್ರಿಯಾಪದದಲ್ಲೇ ಇದೆ. ‘ಬರಲಿಲ್ಲ’ದಲ್ಲಿ ಲಿಂಗವೂ ಇಲ್ಲ, ವಚನವೂ ಇಲ್ಲ. ಅಲ್ಲಿ ಕರ್ತೃಪದ ಬಿಡಲು ಜನ ಹಿಂಜರಿಯಬೇಕಿತ್ತು. ನೋಡಿದರೆ ಹಿಂದಿನ ವಾಕ್ಯದಲ್ಲಿ ಹೆಸರು ಬಂದಿದ್ದರೆ ಆರಾಮಾಗಿ ಬಿಡುತ್ತಾರೆ. ಪ್ರಯೋಗಕ್ಕೆ ವಾಕ್ಯ ಕಟ್ಟಲು ಕೂತಾಗ ಇದು ನನ್ನ ತಲೆಗೆ ಬರುತ್ತಲೇ ಇರಲಿಲ್ಲ.

ಈಗ ಪ್ರಯೋಗ. ಬೆಂಗಳೂರಿನಲ್ಲಿ ಜನಕ್ಕೆ ಬರವಿಲ್ಲ. ಒಂದೇ ಪಿಜಿಯಲ್ಲಿ ಮಂಡ್ಯ, ಧಾರವಾಡ, ಮಂಗಳೂರು ಮೂರೂ ಸಿಗುತ್ತವೆ. ಅದೇ ತಲೆನೋವೂ ಹೌದು, ಯಾರ ಕನ್ನಡ ಯಾವ ಊರಿನದು ಅಂತ ಬರೆದಿಟ್ಟುಕೊಳ್ಳಲೇಬೇಕು. ಇಂಥ ಪ್ರಯೋಗ ಆನ್‌ಲೈನ್‌ನಲ್ಲಿ ನಡೆಸುವ ಪಿಸಿಐಬೆಕ್ಸ್ ಅನ್ನುವ ಉಚಿತ ವೇದಿಕೆಯಲ್ಲಿ ಮೊದಲು, ವಾಕ್ಯ ಎಷ್ಟು ಸರಿ ಅನಿಸುತ್ತೆ, 1ರಿಂದ 7ರವರೆಗೆ ಅಂಕ ಕೊಡಿ ಅಂತ ಕೇಳಿದೆ. ಎಲ್ಲರೂ ಮೇಷ್ಟ್ರಾಗಿಬಿಟ್ಟರು! ಬಿಟ್ಟ ಪದಕ್ಕಲ್ಲ, ‘ಅಂತ’ ಅನ್ನುವುದಕ್ಕೇ ಅಂಕ ಕತ್ತರಿಸಿದರು. “ಎಂದು ಅಂತ ಬರೀಬೇಕು ಕಣೋ” ಅಂದ ಒಬ್ಬ, ತಾನೇ ಎರಡೂ ಸೇರಿಸಿ ಹೇಳಿದ್ದು ಅವನಿಗೆ ಗೊತ್ತಾಗಲಿಲ್ಲ.

ಆಮೇಲೆ ಅಂಕ ಬಿಟ್ಟು, ಎರಡು ವಾಕ್ಯ ಕೇಳಿಸಿ ಒಂದನ್ನು ಆರಿಸಿ ಅಂದೆ. ಎರಡರಲ್ಲೂ ‘ಅಂತ’ ಇರುವುದರಿಂದ ಆ ತಕರಾರು ತಾನಾಗೇ ಹೋಯಿತು. ನಾನು ಕೇಳಿದವರು ‘ಕೊಟ್ಟಿದ್ದಾನೆ’ ಬಂದ ಕಡೆ ‘ಯಾರಿಗೆ’ಯನ್ನೇ ಜಾಸ್ತಿ ಆರಿಸಿದರು. ‘ಯಾರ ಜೊತೆಗೋ ಮೈಸೂರಿಗೆ ಹೋದಳು, ಯಾರು ಅಂತ ಹೇಳಲಿಲ್ಲ’ ಅನ್ನುವುದಕ್ಕೆ ಮಾತ್ರ ಯಾರೂ ಮುಖ ಸಿಂಡರಿಸಲಿಲ್ಲ. ಅಂದರೆ ಕನ್ನಡದಲ್ಲಿ ಕಾಣದ ಕ್ರಿಯಾಪದ ಕೆಲಸ ಮಾಡುವುದು, ‘ಅವರು ಯಾರು’ ತುಂಡಾಗಿ ಬರುವುದು, ಎರಡೂ ಬಗೆ ಇರುವ ಹಾಗಿದೆ. ಓದುವ ವೇಗ ಅಳೆಯುವ ಪ್ರಯೋಗವೂ ಇದೆ, ಸ್ಪೇಸ್‌ಬಾರ್ ಒತ್ತುತ್ತಾ ಪದ ಪದ ಓದುವುದು. ಎಲ್ಲರ ಕೈಯಲ್ಲೂ ಇರುವುದು ಮೊಬೈಲ್, ಅದಕ್ಕೆ ಕೈಬಿಟ್ಟೆ.

ನನ್ನ ಓಟು ಆರಿಸುವ ಪ್ರಯೋಗಕ್ಕೆ, ಆದರೆ ವಾಕ್ಯಗಳನ್ನು ಕಾರ್ಪಸ್‌ನಿಂದ ಎತ್ತಿಕೊಂಡು. ಕಾರ್ಪಸ್‌ನಲ್ಲಿ ಒಂದು ರೂಪ ಸಿಗಲಿಲ್ಲ ಅಂದರೆ ಅದು ತಪ್ಪೋ, ಬರೀ ಅಪರೂಪವೋ ಹೇಳೋಕಾಗಲ್ಲ. ‘ರವಿ ಕಾಫಿ, ಉಮಾ ಟೀ ಕುಡಿದಳು’ ನೋಡಿ. ಒಂದೇ ಕ್ರಿಯಾಪದ, ಅದೂ ಕೊನೆಯಲ್ಲಿ, ರವಿಯೂ ‘ಕುಡಿದಳು’ ಆಗಿಬಿಡುತ್ತಾನೆ. ನಾನು ಜಾಲಾಡಿದ ಕಡೆ ಇಂಥದ್ದು ಒಂದೂ ಸಿಗಲಿಲ್ಲ. ಸಿಕ್ಕಿದ್ದೆಲ್ಲ ‘ಕುಡಿದರು’ ಅಂತ ಬಹುವಚನದಲ್ಲಿ ಜಾರಿಕೊಂಡವೇ. ಪಿಜಿಯಲ್ಲಿ ಕೇಳಿದಾಗ ಧಾರವಾಡದವನು ‘ಕುಡಿದಳು’ ಸಾಕು ಅಂದ, ಮಂಡ್ಯದವನು ಒಪ್ಪಲಿಲ್ಲ. ಮುಂದಿನ ಸುತ್ತಿಗೆ ಈ ವಾಕ್ಯವನ್ನೇ ಹಾಕುತ್ತಿದ್ದೇನೆ.