ಮಿಲಾನ್‌ನಲ್ಲಿ ರೂಮ್ ಎಲ್ಲಿ ಮಾಡೋದು? ಸ್ಟೇಷನ್ ಪಕ್ಕ ಮತ್ತು ಕಾಲುವೆ ಪಕ್ಕ, ಎರಡನ್ನೂ ನೋಡಿ ಬಂದೆ

ಮಿಲಾನ್‌ಗೆ ಎರಡು ಸಲ ಹೋಗಿದ್ದೇನೆ. ಮೊದಲ ಸಲ ಒಬ್ಬ ಗೆಳೆಯನ ಜೊತೆ, ಅಕ್ಟೋಬರ್‌ನಲ್ಲಿ, ಸೆಂಟ್ರಾಲೆ ರೈಲ್ವೆ ಸ್ಟೇಷನ್ ಪಕ್ಕ ಮೂರು ರಾತ್ರಿ. ಎರಡನೇ ಸಲ ಅಮ್ಮನ ಜೊತೆ, ಜೂನ್ ಕೊನೆಯಲ್ಲಿ, ನವೀಲ್ಯಿ ಕಾಲುವೆಗಳ ಪಕ್ಕ ನಾಲ್ಕು ರಾತ್ರಿ. ಬೋರ್ಡ್ ಓದಿದರೆ 'ನವಿಗ್ಲಿ' ಅಂತಲೇ ಬಾಯಿಗೆ ಬರುತ್ತದೆ, ಆದರೆ ಊರವರು ಹೇಳುವಾಗ 'ಗ' ಮಾಯ. ಅಮ್ಮ ಮೊದಲ ದಿನವೇ ಅದನ್ನು 'ನವಿಲು ಬೀದಿ' ಮಾಡಿಬಿಟ್ಟಳು.

ಬಂದಿಳಿಯುವ ವಿಷಯದಲ್ಲಿ ಸ್ಟೇಷನ್ ಪಕ್ಕ ಇರೋದೇ ಸುಲಭ. ಮಲ್ಪೆನ್ಸಾ ವಿಮಾನ ನಿಲ್ದಾಣ ಊರಿಂದ ಸುಮಾರು 50 ಕಿ.ಮೀ. ದೂರ. ಅಲ್ಲಿಂದ ರೈಲು ಹತ್ತಿದರೆ ನೇರ ಸೆಂಟ್ರಾಲೆ. ಪೆಟ್ಟಿಗೆ ಎಳೆದುಕೊಂಡು ಐದು ನಿಮಿಷ ನಡೆದೆವು, ರೂಮ್ ಬಂತು. ನವೀಲ್ಯಿಗೆ ಹೋಗುವವರು ಕದೋರ್ನಾ ಕಡೆಗೆ ಹೋಗುವ ರೈಲು ಹಿಡಿಯಬೇಕು. ಅಲ್ಲಿ ಹಸಿರು ಮೆಟ್ರೋ ಹತ್ತಿದರೆ ಮೂರನೇ ಸ್ಟಾಪ್ ಪೋರ್ತಾ ಜೆನೋವಾ. ಕೇಳೋಕೆ ಸಲೀಸು. ಎರಡು ಪೆಟ್ಟಿಗೆ, ಒಂದು ಮಂಡಿನೋವು ಜೊತೆಗಿದ್ದರೆ ಸಲೀಸಲ್ಲ. ಮೇಲಾಗಿ ನಾವು ಬುಕ್ ಮಾಡಿದ್ದ ಮನೆಗೆ ಲಿಫ್ಟ್ ಇದೆ ಅಂತ ಹಾಕಿದ್ದರು. ಇತ್ತು, ನಿಜ. ಕೆಟ್ಟು ನಿಂತಿತ್ತು. ಮೂರು ಮಹಡಿ ಹತ್ತಿಸಿದ್ದಕ್ಕೆ ಅಮ್ಮ ಸಂಜೆವರೆಗೂ ಮಾತಾಡಲಿಲ್ಲ.

ಸ್ಟೇಷನ್ ಬಗ್ಗೆ ಒಂದು ಮಾತು. 1931ರಲ್ಲಿ ತೆರೆದ ಕಟ್ಟಡ ಅದು, ರೈಲು ಹಿಡಿಯೋದಿಲ್ಲದಿದ್ದರೂ ಒಳಗೆ ಹೋಗಿ ತಲೆ ಎತ್ತಿ ನೋಡಬೇಕು. ಅದರ ಕೆಳಗೇ 21ನೇ ಪ್ಲಾಟ್‌ಫಾರ್ಮ್‌ನ ಸ್ಮಾರಕ ಇದೆ. ಎರಡನೇ ಮಹಾಯುದ್ಧದಲ್ಲಿ ಯಹೂದಿಗಳನ್ನು ಗೂಡ್ಸ್ ಬೋಗಿಗಳಿಗೆ ತುಂಬಿ ಸಾವಿನ ಶಿಬಿರಗಳಿಗೆ ಕಳಿಸಿದ್ದು ಅಲ್ಲಿಂದ. ನಾವು ಅರ್ಧ ಗಂಟೆ ಅಂತ ಹೋದವರು ಎರಡು ಗಂಟೆ ಇದ್ದೆವು. ಆದರೆ ಸ್ಟೇಷನ್ ಸುತ್ತಲ ಬೀದಿಗಳಲ್ಲಿ ಸುಮ್ನೆ ಅಡ್ಡಾಡೋಣ ಅನಿಸೋದಿಲ್ಲ. ಹೋಟೆಲು, ಟ್ಯಾಕ್ಸಿ, ಅವಸರದ ಜನ. ರಾತ್ರಿ ಹತ್ತಾದರೆ ಜೇಬಿನ ಮೇಲೆ ಕೈ ಇಟ್ಟುಕೊಂಡೇ ನಡೆಯುತ್ತಿದ್ದೆವು.

ಊಟಕ್ಕೆ ಮಾತ್ರ ಆ ಕಡೆ ಗೆದ್ದಿತು. ಇದು ನಾನು ನಿರೀಕ್ಷಿಸಿರಲಿಲ್ಲ. ಸೆಂಟ್ರಾಲೆಯಿಂದ ನಡೆದು ಹೋಗುವಷ್ಟು ದೂರದ ಪೋರ್ತಾ ವೆನೆತ್ಸಿಯಾ ಸುತ್ತ ಎರಿಟ್ರಿಯಾದವರ ಹೋಟೆಲುಗಳಿವೆ. ಇಂಜೆರಾ ಅಂದರೆ ನಮ್ಮ ಹುಳಿ ಬಂದ ಹಿಟ್ಟಿನ ದೋಸೆಯ ಅಣ್ಣ. ಮೇಲೆ ಬೇಳೆ, ಸೊಪ್ಪು. ಕೈಯಲ್ಲೇ ತಿನ್ನೋದು. ಸಸ್ಯಾಹಾರಿ ಗೆಳೆಯ ಮೂರು ರಾತ್ರಿಯಲ್ಲಿ ಎರಡು ರಾತ್ರಿ ಅಲ್ಲೇ ಉಂಡ.

ಕಾಲುವೆ ಕಡೆ ಅಪೆರಿತೀವೋ, ಅಂದರೆ ರಾತ್ರಿ ಊಟಕ್ಕೆ ಮುಂಚಿನ ಪಾನೀಯ, ಜೋರು. ಸಂಜೆ ಆರಾದರೆ ದಡದ ಉದ್ದಕ್ಕೂ ಮೇಜು, ಕೈಯಲ್ಲಿ ಕೆಂಪು ಗ್ಲಾಸು, ಜೊತೆಗೆ ಕುರುಕಲು. ಕುಡಿಯದವರು 'ಅನಾಲ್ಕೋಲಿಕೋ' ಅಂತ ಕೇಳಿದರೆ ಆಲ್ಕೋಹಾಲ್ ಇಲ್ಲದ್ದನ್ನು ಕೊಡುತ್ತಾರೆ. ಅಮ್ಮ ಅದನ್ನೇ ಕುಡಿದು ಆಲಿವ್‌ಗಳನ್ನು ನನ್ನ ತಟ್ಟೆಗೆ ಹಾಕಿದಳು. ಊರಿನ ಹೆಸರುವಾಸಿ ಹಳದಿ ಅನ್ನ, ರಿಸೊತ್ತೋ ಬಗ್ಗೆ ಎಚ್ಚರ. ಕೇಸರಿ ಹಾಕಿದ ಬಣ್ಣ ನೋಡಿ ಚಿತ್ರಾನ್ನದ ನೆಂಟ ಅಂದುಕೊಂಡು ತರಿಸೋದರಲ್ಲಿದ್ದೆ. ಹಳೇ ಪದ್ಧತಿಯಲ್ಲಿ ಅದಕ್ಕೆ ಎಲುಬಿನ ಮಜ್ಜೆ, ಮಾಂಸದ ಸಾರು ಬೀಳುತ್ತದೆ. ಕೇಳದೆ ತರಿಸಬೇಡಿ.

ಇಷ್ಟರವರೆಗೆ ಸ್ಟೇಷನ್ ಮುಂದಿದೆ, ಅಲ್ವಾ? ತಕ್ಕಡಿ ತಿರುಗಿದ್ದು ದುವೋಮೋ, ಅಂದರೆ ಊರಿನ ದೊಡ್ಡ ಚರ್ಚು, ನೋಡುವ ದಿನ. ಸೆಂಟ್ರಾಲೆಯಿಂದ ಹಳದಿ ಮೆಟ್ರೋದಲ್ಲಿ ನಾಲ್ಕನೇ ಸ್ಟಾಪ್. ಮೆಟ್ಟಿಲು ಹತ್ತಿ ಹೊರಬಂದರೆ ಎದುರಿಗೇ ಇಡೀ ಚರ್ಚು. ಆ ಕ್ಷಣ ಮೈ ಜುಮ್ಮೆನ್ನುತ್ತದೆ, ಸುಳ್ಳು ಹೇಳೋದಿಲ್ಲ. ಆದರೆ ಊರೇ ಕಾಣದೆ ನೆಲದೊಳಗಿಂದ ಎದ್ದು ಬಂದ ಹಾಗೆ. ನವೀಲ್ಯಿಯಿಂದ ನಾವು ನಡೆದೇ ಹೋದೆವು. ಸುಮಾರು ಎರಡು ಕಿ.ಮೀ. ದಾರಿಯಲ್ಲಿ ಸಾನ್ ಲೊರೆನ್ಸೋ ಹತ್ತಿರ ರೋಮನ್ನರ ಕಾಲದ 16 ಕಂಬಗಳು ಟ್ರಾಮ್ ಹಳಿ ಪಕ್ಕದಲ್ಲೇ ನಿಂತಿವೆ. ಹುಡುಗರು ಅವುಗಳ ಬುಡದಲ್ಲಿ ಕೂತು ಹರಟುತ್ತಿದ್ದರು. ಅಮ್ಮನೂ ಕೂತಳು, ಮಂಡಿಗೆ.

ಈ ನಡಿಗೆಯ ದಿಕ್ಕು ನನಗೆ ಯಾಕೆ ಹಿಡಿಸಿತು ಅಂದರೆ, ಚರ್ಚಿನ ಕಲ್ಲು ಬಂದದ್ದೂ ಇದೇ ಕಡೆಯಿಂದ. ದುವೋಮೋ ಕೆಲಸ ಶುರುವಾದದ್ದು 1386ರಲ್ಲಿ. ಅಮೃತಶಿಲೆ ಕಂದೋಲ್ಯಾ ಗಣಿಯದು, ಮಜೋರೆ ಸರೋವರದ ಹತ್ತಿರ. ದೋಣಿಯಲ್ಲಿ ಸರೋವರ, ತಿಚಿನೋ ನದಿ, ಆಮೇಲೆ ನವೀಲ್ಯೋ ಗ್ರಾಂದೆ ಕಾಲುವೆ ಹಿಡಿದು ಊರೊಳಕ್ಕೆ. ಹಿಂದಿನ ಸಂಜೆ ನಾವು ಕಾಲು ಇಳಿಬಿಟ್ಟು ಕೂತಿದ್ದ ನೀರಿನ ಮೇಲೆಯೇ! ಚಾವಣಿಗೆ ಹೋದಾಗ ಅಮ್ಮ ಒಂದು ಗುಲಾಬಿ ಗೆರೆಯ ಕಲ್ಲು ಮುಟ್ಟಿ, "ಇಷ್ಟು ಭಾರ ಆ ಕಾಲುವೇಲಿ ತಂದ್ರಾ?" ಅಂದಳು. ಮೊದಲ ಸಲ ನಾನು ಇದೇ ಚಾವಣಿಯಲ್ಲಿ ನಲವತ್ತು ಫೋಟೋ ತೆಗೆದಿದ್ದೆ, ಒಂದು ಕಲ್ಲನ್ನೂ ಮುಟ್ಟಿರಲಿಲ್ಲ.

ಚಾವಣಿಗೆ ಮೆಟ್ಟಿಲೋ ಲಿಫ್ಟೋ? ಎರಡೂ ಮಾಡಿದೆ. ಮೆಟ್ಟಿಲು ಸುಮಾರು 250, ಟಿಕೆಟ್ ಅಗ್ಗ. ಲಿಫ್ಟ್‌ಗೆ ಜಾಸ್ತಿ ಕೊಡಬೇಕು, ಅದರಿಂದ ಇಳಿದ ಮೇಲೂ ತುದಿಗೆ ಹೋಗಲು ಒಂದಷ್ಟು ಮೆಟ್ಟಿಲು ಇದ್ದೇ ಇವೆ. ಮಂಡಿ ಗಟ್ಟಿಯಿದ್ದರೆ ದುಡ್ಡು ಉಳಿಸಿ. ಒಳಗೆ ಹೋಗಲು ಭುಜ, ಮಂಡಿ ಮುಚ್ಚಿರಬೇಕು. ಸೀರೆಗೆ ಯಾರೂ ಏನೂ ಅನ್ನಲಿಲ್ಲ, ನನ್ನ ಚಡ್ಡಿಗೆ ಅಂದರು.

ಲಿಯೊನಾರ್ಡೋನ ಕೊನೆಯ ಭೋಜನದ ಚಿತ್ರಕ್ಕೆ ಎಲ್ಲಿ ಉಳಿದರೂ ಒಂದೇ: ಟಿಕೆಟ್ ಮೊದಲೇ ತೆಗೆಯಿರಿ, ಆಮೇಲೆ ವಿಮಾನ. ಒಳಗೆ ಬಿಡೋದು 15 ನಿಮಿಷ, ಸೋಮವಾರ ರಜೆ. ಮೊದಲ ಸಲ ನಾವು ಟಿಕೆಟ್ ಇಲ್ಲದೆ ಬಾಗಿಲವರೆಗೆ ಹೋಗಿ ವಾಪಸ್.

ರಾತ್ರಿ ನಿದ್ದೆ? ಕಾಲುವೆ ದಡದ ಕಿಟಕಿ ಫೋಟೋದಲ್ಲಿ ಚೆಂದ. ಶನಿವಾರ ರಾತ್ರಿ ಎರಡರವರೆಗೆ ಗಲಾಟೆ, ಜೊತೆಗೆ ಜೂನ್‌ನ ಸೊಳ್ಳೆ. ಬೆಂಗಳೂರಿಂದ ಓಡೋಮಾಸ್ ತಂದಿದ್ದ ಅಮ್ಮನಿಗೆ ಅವತ್ತು ಬಹಳ ಖುಷಿ. ಒಂದೆರಡು ಬೀದಿ ಒಳಗೆ ರೂಮ್ ಮಾಡಿ. ಏಪ್ರಿಲ್‌ನ ಪೀಠೋಪಕರಣ ಮೇಳ, ಫೆಬ್ರವರಿ ಮತ್ತು ಸೆಪ್ಟೆಂಬರ್‌ನ ಫ್ಯಾಶನ್ ವಾರ ಬಿಟ್ಟುಬಿಡಿ, ಆಗ ಎರಡೂ ಕಡೆ ಬಾಡಿಗೆ ಕೈಗೆಟುಕೋದಿಲ್ಲ.

ನನ್ನ ತೀರ್ಪು: ಒಂದೇ ರಾತ್ರಿ ಇದ್ದು ಬೆಳಿಗ್ಗೆ ವೆನಿಸ್ ರೈಲು ಹಿಡಿಯೋದಾದರೆ ಸೆಂಟ್ರಾಲೆ. ಮೂರು ರಾತ್ರಿ ಇದ್ದರೆ ನವೀಲ್ಯಿ, ಲಿಫ್ಟ್ ಓಡುತ್ತಿದೆಯಾ ಅಂತ ಫೋನ್ ಮಾಡಿ ಕೇಳಿಕೊಂಡು. ಆ ಮೂರರಲ್ಲಿ ಒಂದು ತಿಂಗಳ ಕೊನೇ ಭಾನುವಾರಕ್ಕೆ ಬೀಳುವಂತೆ ನೋಡಿ, ಅವತ್ತು ನವೀಲ್ಯೋ ಗ್ರಾಂದೆ ಉದ್ದಕ್ಕೂ ಹಳೇ ಸಾಮಾನಿನ ಸಂತೆ. ಜುಲೈನಲ್ಲಿ ಇರೋದಿಲ್ಲ. ಅಮ್ಮ ಮೂವತ್ತು ವರ್ಷ ಬ್ಲೌಸ್ ಹೊಲಿದವಳು. ಹಿಂದಿನ ದಿನ ದುಬಾರಿ ಬಟ್ಟೆ ಅಂಗಡಿಗಳ ಮೊಂತೆನಾಪೊಲಿಯೋನೆ ಬೀದಿಯಲ್ಲಿ ಒಂದು ಅಂಗಡಿಯ ಗಾಜಿನೆದುರು ನಿಂತು, "ಒಳಗಿನ ಹೊಲಿಗೆ ತೋರಿಸ್ತಾರಾ ಕೇಳು" ಅಂದಿದ್ದಳು. ನನಗೆ ಕೇಳಲು ಧೈರ್ಯ ಬರಲಿಲ್ಲ. ಸಂತೆಯಲ್ಲಿ ಒಂದು ಡಬ್ಬಿ ತುಂಬ ಹಳೇ ಗುಂಡಿ ಸಿಕ್ಕಿತು. ಮುದುಕ ಐದು ಯೂರೋ ಅಂದ, ಅಮ್ಮ ಕನ್ನಡದಲ್ಲೇ ಚೌಕಾಸಿ ಮಾಡಿ ಮೂರಕ್ಕೆ ತಂದಳು.