ಎಸ್‌ಕ್ಯೂಲೈಟ್: ಒಂದೇ ಕಡತದಲ್ಲಿ ಇಡೀ ಡೇಟಾಬೇಸ್

ಬೇರೆ ಸರ್ವರ್ ಬೇಡ, ಪಾಸ್‌ವರ್ಡ್ ಬೇಡ. 2000ರಲ್ಲಿ ಹುಟ್ಟಿದ ಎಸ್‌ಕ್ಯೂಲೈಟ್ ನನಗೆ ಅಚ್ಚುಮೆಚ್ಚಾದದ್ದು ಈ ಸರಳತೆಯಿಂದಲೇ. ಆದರೆ ನನ್ನ ದಾಸ್ತಾನು ತಂತ್ರಾಂಶದಲ್ಲಿ ಇಬ್ಬರು ಒಟ್ಟಿಗೆ ಬರೆಯಲು ಹೋದಾಗಲೆಲ್ಲ ‘ಡೇಟಾಬೇಸ್ ಈಸ್ ಲಾಕ್ಡ್’ ಎಂಬ ದೋಷ ಎದುರಾಗುತ್ತಿತ್ತು. ಎರಡು ರಾತ್ರಿ ಹುಡುಕಿದ ಮೇಲೆ ಕಾರಣ ಸಿಕ್ಕಿತು. ಇಲ್ಲಿ ಒಂದು ಸಮಯಕ್ಕೆ ಒಬ್ಬರೇ ಬರೆಯಬಹುದು. ನಾನೋ ಟ್ರಾನ್ಸಾಕ್ಷನ್ (ಒಂದೇ ಗುಂಪಾಗಿ ಮುಗಿಯಬೇಕಾದ ಬದಲಾವಣೆಗಳ ಕಂತು) ತೆರೆದಿಟ್ಟುಕೊಂಡೇ ಜಾಲದ ಉತ್ತರಕ್ಕಾಗಿ ಕಾಯುತ್ತಿದ್ದೆ. ಆ ಕಾಯುವಿಕೆಯನ್ನು ಹೊರಗಿಟ್ಟೆ, ಲಾಕ್ ತೆರೆಯಲು ಕಾಯುವ ಗರಿಷ್ಠ ಅವಧಿಯಾದ ‘ಬಿಝಿ ಟೈಮ್‌ಔಟ್’ ಅನ್ನು 5000 ಮಿಲಿಸೆಕೆಂಡಿಗೆ ಏರಿಸಿದೆ, ಬದಲಾವಣೆಗಳನ್ನು ಮೊದಲು ಬೇರೊಂದು ಲಾಗ್ ಕಡತಕ್ಕೆ ಬರೆಯುವ ‘ವಾಲ್’ ವಿಧಾನಕ್ಕೆ ಬದಲಾಯಿಸಿದೆ. ಈಗ ಓದುವವರು ಬರೆಯುವವರಿಗೆ ಅಡ್ಡಿಯಾಗುವುದಿಲ್ಲ, ಎಷ್ಟು ನೆಮ್ಮದಿ!

ಒಂದು ಬೇಸರ ಮಾತ್ರ ಉಳಿದಿದೆ. ಫಾರಿನ್ ಕೀ ತಪಾಸಣೆ, ಅಂದರೆ ಒಂದು ಪಟ್ಟಿಯ ದಾಖಲೆ ಸೂಚಿಸುವುದು ಇನ್ನೊಂದು ಪಟ್ಟಿಯಲ್ಲಿ ನಿಜಕ್ಕೂ ಇದೆಯೇ ಎಂದು ನೋಡುವುದು, ತಾನಾಗಿ ಚಾಲೂ ಇರುವುದಿಲ್ಲ. ಪ್ರತಿ ಸಂಪರ್ಕದಲ್ಲೂ ನಾವೇ ಆನ್ ಮಾಡಬೇಕು. ಮರೆತ ಒಂದೇ ದಿನ, ಪಟ್ಟಿಯಲ್ಲೇ ಇಲ್ಲದ ಸರಕಿಗೆ ಬಿಲ್‌ಗಳು ದಾಖಲಾಗಿದ್ದವು.